ಕಾಡಪ್ಪನ ಗಂಟಲು

"ಏಯ್, ಹಳದಿ ಶರ್ಟು! ಬಾಳೆಹಣ್ಣಿನ ಸಿಪ್ಪೆ ಎಲ್ಲಿ ಬಿಸಾಕ್ದೆ?"

ಆನಂದ್ ಬೆಚ್ಚಿಬಿದ್ದರು. ಸುತ್ತಮುತ್ತ ನೋಡಿದರು. ಅಲ್ಲಿ ಹಳದಿ ಶರ್ಟು ಹಾಕಿಕೊಂಡವರು ಅವರೊಬ್ಬರೇ.

"ಹ್ಞೂಂ, ನಿನ್ನೇ ಹೇಳಿದ್ದು! ಎತ್ತಿ ಡಬ್ಬಕ್ಕೆ ಹಾಕು. ಇದು ನನ್ ಕಾಡು!"

ಬೈದವನು ಕಾಡಪ್ಪ. ಎರಡು ಮಹಡಿಯಷ್ಟು ಎತ್ತರದ ಸಿಮೆಂಟಿನ ದೈತ್ಯ. ತಲೆಗೆ ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ, ಪೊರಕೆಯಂಥ ಮೀಸೆ. ಆ ಮೀಸೆಯ ಹಿಂದೆಲ್ಲೋ ಲೌಡ್ ಸ್ಪೀಕರ್ ಇಟ್ಟಿದ್ದರು. ದನಿ ಮಾತ್ರ ಗುಡುಗಿನ ಹಾಗೆ ಬರುತ್ತಿತ್ತು.

ಆನಂದ್ ನಾಚಿಕೊಂಡು ಸಿಪ್ಪೆ ಎತ್ತಿದರು. ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ಅವರ ಹೆಂಡತಿ ಉಮಾಮಹೇಶ್ವರಿಯಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಐದು ವರ್ಷದ ಮಗ ಯೋಗಿ ಕುಣಿದಾಡಿದ. ಅವರನ್ನೆಲ್ಲ ಭದ್ರಾವತಿಯಿಂದ ತಮ್ಮ ಓಮ್ನಿಯಲ್ಲಿ ಕರೆತಂದಿದ್ದ ಪಕ್ಕದ ಮನೆಯ ಅಬ್ಬಾಸ್ ಮಾಮ ತೊಡೆ ತಟ್ಟಿಕೊಂಡು, "ಶಭಾಶ್! ಆನಂದ್ ಭಾಯ್, ಫ್ಯಾಕ್ಟರಿ ಸೂಪರ್‌ವೈಸರ್‌ಗೂ ನೀವು ಇಷ್ಟು ಹೆದರಲ್ಲ!" ಎಂದರು.

ಮಗಳು ಸಮತಾ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಸದ್ದಿಲ್ಲದೆ ನಕ್ಕಳು.

ಐದನೇ ಕ್ಲಾಸಿನ ಸಮತಾಳದು ದಪ್ಪ, ಗೊಗ್ಗರು ದನಿ. ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ. ಮನೆಯ ಫೋನ್ ಎತ್ತಿ ಅವಳು "ಹಲೋ" ಅಂದರೆ ಸಾಕು, ಆ ಕಡೆಯವರು, "ಏನ್ ಆನಂದಾ, ಇವತ್ತು ಸೆಕೆಂಡ್ ಶಿಫ್ಟಾ?" ಎಂದು ಕೇಳುತ್ತಿದ್ದರು. ಅವಳಿಗೆ ಅದು ತಮಾಷೆಯಾಗೇ ಇತ್ತು, ಹೋದ ಶುಕ್ರವಾರದವರೆಗೆ.

ಶುಕ್ರವಾರ ಸ್ಕೂಲ್ ಡೇಗೆ ಗ್ರೂಪ್ ಸಾಂಗ್ ಪ್ರಾಕ್ಟೀಸ್ ಇತ್ತು. ಅರ್ಧಕ್ಕೆ ಮಿಸ್ ಹಾಡು ನಿಲ್ಲಿಸಿದರು. "ಸಮತಾ, ನೀನು ಹಿಂದಿನ ಲೈನಿಗೆ ಹೋಗಮ್ಮ. ಬಾಯಿ ಮಾತ್ರ ಆಡಿಸು, ಸೌಂಡ್ ಬೇಡ," ಎಂದರು. ಮಿಸ್ ಬೈದಿರಲಿಲ್ಲ, ಮೆತ್ತಗೇ ಹೇಳಿದ್ದರು. ಆದರೆ ಮುಂದಿನ ಲೈನಿನಿಂದ ಯಾರೋ "ವಟರ್ ವಟರ್" ಎಂದು ಕಪ್ಪೆಯ ಹಾಗೆ ಕೂಗಿದರು. ಇಡೀ ಕ್ಲಾಸು ನಕ್ಕಿತು.

ಅವತ್ತಿನಿಂದ ಸಮತಾ ಎಲ್ಲ ಮಾತನ್ನೂ ಪಿಸುಗುಟ್ಟುತ್ತಿದ್ದಳು. "ಏನಾಯ್ತೇ ನಿಂಗೆ? ಬಾಯ್ಬಿಟ್ಟು ಮಾತಾಡು ಮಾರಾಯ್ತಿ," ಎಂದು ಅಮ್ಮ ಎಷ್ಟು ಸಲ ಕೇಳಿದರೂ "ಏನಿಲ್ಲ" ಅನ್ನುತ್ತಿದ್ದಳು. ಅದನ್ನೂ ಪಿಸುದನಿಯಲ್ಲೇ.

ಕಾಡಪ್ಪ ನಿಂತಿದ್ದ ಪಾರ್ಕು ಆಯನೂರು ದಾಟಿದ ಮೇಲೆ, ಸಾಗರದ ರಸ್ತೆಯ ಪಕ್ಕದಲ್ಲೇ ಇತ್ತು. ಹೆಮ್ಮರಗಳ ಕಾಡು ಎಂದು ದೊಡ್ಡ ಬೋರ್ಡು. ಒಳಗೆ ಹೋದರೆ ತಲೆ ಎತ್ತಿ ಎತ್ತಿ ಕುತ್ತಿಗೆ ನೋಯಬೇಕು, ಅಂಥ ಮರಗಳು. ಹೊನ್ನೆ, ನಂದಿ, ಧೂಪ. ಎಲ್ಲಕ್ಕಿಂತ ದೊಡ್ಡದು ಕಾಡಪ್ಪನ ಎದುರಿಗಿದ್ದ ಬೂರುಗದ ಮರ. ಅದರ ಬೇರುಗಳು ನೆಲದ ಮೇಲೆ ಗೋಡೆಗಳ ಹಾಗೆ ಎದ್ದು ನಿಂತಿದ್ದವು. ಬುಡದಲ್ಲಿ ಒಂದು ಪೊಟರೆ. ಬಾಗಿಲಲ್ಲಿ ದೊಡ್ಡವರೂ ನಿಂತು ಫೋಟೋ ತೆಗೆಸಿಕೊಳ್ಳಬಹುದಿತ್ತು. ಒಳಗೊಳಗೆ ಹೋದಂತೆ ಅದು ಕಿರಿದಾಗುತ್ತಿತ್ತು.

ಯೋಗಿ ಆ ಮರದ ಬೇರಿನ ಹತ್ತಿರ ಕೂತ. ಒಂದು ಚೂಪು ಕಲ್ಲು ಸಿಕ್ಕಿತು. ಎಲ್‌ಕೆಜಿಯಲ್ಲಿ ಹೊಸದಾಗಿ ಹೆಸರು ಬರೆಯಲು ಕಲಿತಿದ್ದ. ತೊಗಟೆಯ ಮೇಲೆ 'ಯೋ' ಎಂದು ಕೆತ್ತತೊಡಗಿದ.

"ಏಯ್ ನೀಲಿ ಚಡ್ಡಿ!" ಕಾಡಪ್ಪ ಗುಡುಗಿದ. "ಮರಕ್ಕೆ ನೋವಾಗಲ್ವೇನೋ? ಬಂದೆ ತಾಳು!"

ಎಲ್ಲರೂ ನೀಲಿ ಚಡ್ಡಿಯ ಕಡೆ ತಿರುಗಿದರು. ಯೋಗಿಯ ಕೈಯಿಂದ ಕಲ್ಲು ಬಿತ್ತು. ಮರುಕ್ಷಣ ಅವನು ಇಲಿಯಂತೆ ಪೊಟರೆಯೊಳಗೆ ನುಗ್ಗಿಬಿಟ್ಟ.

"ಯೋಗೀ, ಬಾರೋ ಈಚೆ," ಅಪ್ಪ ಬಗ್ಗಿ ಕರೆದರು.

"ಬರಲ್ಲ! ಕಾಡಪ್ಪ ಹೊಡೀತಾನೆ!" ಒಳಗಿನಿಂದ ಅಳು ಕೇಳಿಸಿತು.

ಅಪ್ಪ ಕೈ ಚಾಚಿದರು, ಸಿಗಲಿಲ್ಲ. ಅಬ್ಬಾಸ್ ಮಾಮ ನುಗ್ಗಲು ನೋಡಿ ಹೊಟ್ಟೆ ಸಿಕ್ಕಿಕೊಂಡು ವಾಪಸ್ ಬಂದರು. ಅಮ್ಮ ಐಸ್‌ಕ್ಯಾಂಡಿ ಕೊಡಿಸುತ್ತೇನೆ ಅಂದರು. ಅದಕ್ಕೂ ಅವನು ಜಗ್ಗಲಿಲ್ಲ.

"ಅದು ಬೊಂಬೆ ಕಣೋ," ಎಂದರು ಅಪ್ಪ.

"ಬೊಂಬೆ ಆದ್ರೆ ನನ್ ಚಡ್ಡಿ ಹೆಂಗೆ ನೋಡ್ತು? ಅವ್ನೇ ಹೊಡೆಯಲ್ಲ ಅಂತ ಹೇಳ್ಲಿ. ಆಮೇಲೆ ಬರ್ತೀನಿ!"

ಆದರೆ ಕಾಡಪ್ಪ ಈಗ ಮಾತಾಡಲೇ ಇಲ್ಲ. ಮೀಸೆಯ ಹಿಂದಿನಿಂದ ಬರೀ ಗೊರ್ ಗೊರ್ ಸದ್ದು. ಯೋಗಿಯ ಅಳು ಜೋರಾಯಿತು.

ಸಮತಾ ದೈತ್ಯನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಬೆನ್ನ ಹಿಂದೆ ಒಂದು ಕಪ್ಪು ವೈರು ಇಳಿದಿತ್ತು. ಅದನ್ನೇ ಹಿಡಿದು ಹೋದಳು. ವೈರು ಒಂದು ಪೊದೆ ದಾಟಿ, ಹಸಿರು ಬಣ್ಣದ ತಗಡಿನ ಕೋಣೆಯೊಂದರ ಒಳಗೆ ಹೋಗಿತ್ತು. ದೊಡ್ಡ ಮೀಸೆಯ ಗಂಡಸೊಬ್ಬ ಇರಬಹುದು ಎಂದುಕೊಂಡು ಅವಳು ಹೆದರುತ್ತಲೇ ಬಾಗಿಲು ತಳ್ಳಿದಳು.

ಒಳಗೆ ಇದ್ದದ್ದು ಒಬ್ಬ ಪುಟ್ಟ ಅಜ್ಜಿ! ಕತ್ತಿಗೆ ಟವೆಲ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಬಿಸಿನೀರಿನ ಲೋಟ. ಎದುರಿನ ತಗಡಿನಲ್ಲಿ ಕೊರೆದ ಕಿಂಡಿಯಿಂದ ಬೂರುಗದ ಮರ, ಜನ ಎಲ್ಲ ಕಾಣುತ್ತಿತ್ತು.

"ಕಾಡಪ್ಪ... ನೀವಾ?" ಸಮತಾ ಪಿಸುಗುಟ್ಟಿದಳು.

ಅಜ್ಜಿ ತಲೆಯಾಡಿಸಿ ಮಾತಾಡಲು ನೋಡಿದರು. ಬರೀ ಗಾಳಿ ಬಂತು. ಕೆಮ್ಮಿದರು. "ಕರಿಯಮ್ಮ ಅಂತ," ಎಂದು ಹೇಗೋ ಹೇಳಿದರು. "ಭಾನುವಾರ ನೋಡು. ಬೆಳಿಗ್ಗಿಂದ ಕೂಗಿ ಕೂಗಿ ಗಂಟಲು ಹೋಯ್ತು. ಆ ನೀಲಿ ಚಡ್ಡಿ ಯಾರ ಮನೇದು? ಪಾಪ, ಅಷ್ಟು ಜೋರು ಮಾಡಬಾರದಿತ್ತು ನಾನು."

"ನನ್ ತಮ್ಮ. ಕಾಡಪ್ಪನೇ ಹೇಳಬೇಕಂತೆ. ಹೇಳದೇ ಇದ್ರೆ ಅವನು ಬರಲ್ಲ!" ಗಾಬರಿಯಲ್ಲಿ ಸಮತಾ ಪಿಸುಗುಟ್ಟುವುದನ್ನು ಮರೆತೇಬಿಟ್ಟಿದ್ದಳು. ತಗಡಿನ ಗೋಡೆ ಝಣ್ ಅಂದಿತು.

ಕರಿಯಮ್ಮ ಲೋಟ ಕೆಳಗಿಟ್ಟರು. "ಏನ್ ಗಂಟಲೇ ಹುಡುಗಿ ನಿಂದು!" ಮೈಕನ್ನು ಅವಳ ಕೈಗೆ ತುರುಕಿದರು. "ನೀನೇ ಹೇಳು."

"ನಂಗಾಗಲ್ಲ ಅಜ್ಜಿ. ನನ್ ದನಿ ಚೆನ್ನಾಗಿಲ್ಲ."

"ಹೊರಗೆ ನಿಂತಿದಾನಲ್ಲ, ಅವನ ಮೀಸೆ ನೋಡಿದ್ಯಾ? ಅಂಥವನ ಬಾಯಲ್ಲಿ ಕೋಗಿಲೆ ಕೂಗಿದ್ರೆ ಆಗುತ್ತಾ ಮಾರಾಯ್ತಿ?" ಕರಿಯಮ್ಮ ಸದ್ದಿಲ್ಲದೆ ನಕ್ಕರು. "ನಾನು ಮೊದ್ಲು ಗೇಟಲ್ಲಿ ಟಿಕೆಟ್ ಹರೀತಿದ್ದೆ. ಒಂದಿನ ಯಾರಿಗೋ ಸರಿಯಾಗಿ ಬೈದೆ. ಮಾಲೀಕರು ಓಡಿ ಬಂದ್ರು. ಕೆಲಸ ಹೋಯ್ತು ಅಂದ್ಕೊಂಡೆ. ಅವರು, ಸಿಕ್ತಲ್ಲ ಕಾಡಪ್ಪಂಗೆ ದನಿ, ಅಂತ ಇಲ್ಲಿ ತಂದು ಕೂರಿಸಿದ್ರು!"

ಕಿಂಡಿಯಿಂದ ನೋಡಿದರೆ ಅಮ್ಮ ಪೊಟರೆಯ ಮುಂದೆ ಮಂಡಿಯೂರಿ ಕೂತಿದ್ದರು. ಸಮತಾ ಮೈಕಿನ ಗುಂಡಿ ಒತ್ತಿದಳು. ಅದು ಕುಂಯ್ ಎಂದು ಕಿರುಚಿತು.

"ಯೋಗಿ," ಎಂದಳು.

ಹೊರಗೆ, ಮರಗಳ ತುದಿಯವರೆಗೂ ಆ ದನಿ ಹೋಯಿತು. "ಯೋ... ಗಿ..." ಹಾರಿಹೋದ ಹಕ್ಕಿಗಳನ್ನು ಜನ ತಲೆ ಎತ್ತಿ ನೋಡಿದರು. ಅಳು ಟಕ್ಕನೆ ನಿಂತಿತು.

"ನನ್ ಹೆಸ್ರು ಹೆಂಗೊತ್ತು?" ಪೊಟರೆಯೊಳಗಿನಿಂದ ಯೋಗಿ ಕೂಗಿದ.

"ನಂಗೆಲ್ಲಾ ಗೊತ್ತು. ಇವತ್ತು ಬೆಳಿಗ್ಗೆ ನೀನು ಹಾಲು ಚೆಲ್ಲಿ, ಬೆಕ್ಕು ಚೆಲ್ತು ಅಂದಿದ್ದೂ ಗೊತ್ತು."

ಜನ ಗೊಳ್ಳೆಂದು ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮಗಳು ಎಲ್ಲೂ ಇಲ್ಲ. ಆಮೇಲೆ ಎದ್ದು ಕಾಡಪ್ಪನ ಮೀಸೆಯನ್ನೇ ನೋಡುತ್ತಾ ನಿಂತರು.

"ಹೊಡೀತೀಯಾ?" ಯೋಗಿ ಕೇಳಿದ.

"ಇಲ್ಲ ಕಣೋ. ನಾನು ಕೂಗಿದ್ದು ಜಾಸ್ತಿ ಆಯ್ತು. ಹೆದರಬೇಡ, ಹೊರಗೆ ಬಾ. ಮರಾನ ಒಂದ್ಸಲ ಸವರು. ಅದಕ್ಕೆ ಖುಷಿಯಾಗುತ್ತೆ."

ಮೊದಲು ಒಂದು ಚಪ್ಪಲಿ, ಆಮೇಲೆ ನೀಲಿ ಚಡ್ಡಿ, ಕೊನೆಗೆ ತಲೆತುಂಬ ಧೂಳು ಮೆತ್ತಿಕೊಂಡ ಯೋಗಿ ಹೊರಗೆ ಬಂದ. ತಾನು ಕೆತ್ತಿದ್ದ ಜಾಗವನ್ನು ಅಂಗೈಯಿಂದ ಸವರಿದ. ಆಮೇಲೆ ದೈತ್ಯನ ಕಡೆ ತಿರುಗಿ, ಸ್ಕೂಲಲ್ಲಿ ಹೇಳುವಂತೆ ಕೈಕಟ್ಟಿ, "ಥ್ಯಾಂಕ್ಯೂ ಕಾಡಪ್ಪಾ," ಎಂದ.

"ಹಳದಿ ಶರ್ಟೂ!" ಸಮತಾ ಗುಡುಗಿದಳು. ಅಪ್ಪ ಮತ್ತೆ ಬೆಚ್ಚಿದರು. "ಏನ್ ನೋಡ್ತಾ ನಿಂತಿದೀಯಾ? ಮಗನ್ನ ಎತ್ಕೋ! ಐಸ್‌ಕ್ಯಾಂಡಿ ಕೊಡ್ಸು!"

ಜನ ಚಪ್ಪಾಳೆ ಹೊಡೆದರು. ಗುಂಡಿ ಬಿಟ್ಟು ಸಮತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೈ ಅಡ್ಡ ಇಟ್ಟುಕೊಳ್ಳಲಿಲ್ಲ. ಕರಿಯಮ್ಮ ಅವಳ ಬೆನ್ನಿಗೊಂದು ಗುದ್ದು ಕೊಟ್ಟು, "ಇನ್ನೊಂದೆರಡು ಹೇಳ್ತೀಯಾ? ನಾನು ನೀರು ಕುಡೀತೀನಿ," ಎಂದರು. ಸಮತಾ ಹೇಳಿದಳು. ಮರ ಹತ್ತಲು ನೋಡುತ್ತಿದ್ದ ಕಾಲೇಜು ಹುಡುಗನೊಬ್ಬ ಅವಳ ಕೂಗಿಗೆ ಬೆದರಿ ಕೂಲಿಂಗ್ ಗ್ಲಾಸು ಬೀಳಿಸಿಕೊಂಡ.

ಹೊರಡುವಾಗ ಕರಿಯಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಸಮತಾ ತಲೆಯಾಡಿಸಿದಳು.

"ಎಲ್ಲಿಗೆ ಹೋಗಿದ್ದೇ?" ಎಂದು ಅಪ್ಪ ಕೇಳಿದರು.

"ಇಲ್ಲೇ ಎಲ್ಲೋ ಇದ್ಲು ಬಿಡಿ," ಎಂದ ಅಮ್ಮ ಮಗಳ ತಲೆ ಮೇಲಿನ ಕಸ ತೆಗೆದರು. ಹಾಗೇ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟರು.

ಓಮ್ನಿ ಶಿವಮೊಗ್ಗದ ಕಡೆ ಹೊರಟಿತು. ಯೋಗಿಗೆ ಕಾಡಪ್ಪನದೇ ಮಾತು. "ಅಬ್ಬಾಸ್ ಮಾಮಾ, ಅವ್ನು ನನ್ ಹೆಸ್ರು ಹೇಳ್ದ! ಎಷ್ಟ್ ಚೆನ್ನಾಗ್ ಹೇಳ್ದ ಗೊತ್ತಾ? ಹಿಂಗೆ... ಯೋ... ಗಿ..." ಪೀಪಿಯಂಥ ದನಿ ಬಂತು. ಗಂಟಲು ಬಿಗಿ ಹಿಡಿದು ಇನ್ನೊಮ್ಮೆ ಕೂಗಿ ಕೆಮ್ಮಿದ. ಅಬ್ಬಾಸ್ ಮಾಮ ಪ್ರಯತ್ನಪಟ್ಟರು, ಅಪ್ಪನೂ ಪ್ರಯತ್ನಪಟ್ಟರು.

"ಯಾರಿಗೂ ಬರಲ್ಲ," ಯೋಗಿ ಬೇಜಾರು ಮಾಡಿಕೊಂಡ. "ಅಂಥ ದನಿ ಯಾರಿಗೂ ಇಲ್ಲ."

ಸಮತಾ ಅವನ ಮುಖ ನೋಡಿದಳು. ಅವನು ತಮಾಷೆಗೆ ಹೇಳಿರಲಿಲ್ಲ. ಅಂಥದೊಂದು ದನಿ ತನಗೂ ಬೇಕಿತ್ತು ಎಂದು ಅವನಿಗೆ ನಿಜಕ್ಕೂ ಆಸೆಯಾಗಿತ್ತು.

"ಯೋ... ಗಿ..." ಎಂದಳು ಸಮತಾ.

ವ್ಯಾನಿನ ಗಾಜು ಅದುರಿತು. ಯೋಗಿ ಬಾಯಿ ತೆರೆದುಕೊಂಡು ಅಕ್ಕನನ್ನೇ ನೋಡಿದ.

"ಅಕ್ಕಾ! ನಿಂಗೆ ಬರುತ್ತೆ! ಥೇಟ್ ಅವನ ಥರಾನೇ! ಇನ್ನೊಂದ್ಸಲ, ಇನ್ನೊಂದೇ ಒಂದ್ಸಲ!"

ಸಮತಾ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದಳು. ಹೊಟ್ಟೆತುಂಬ ಉಸಿರು ಎಳೆದುಕೊಂಡಳು.