ಮೂವತ್ತೇಳು ದಾಟಿದರೆ

ಮಧ್ಯಾಹ್ನ ಎರಡೂವರೆ ಆಯಿತೆಂದರೆ ಚೈತನ್ಯಾಳ ಫೋನಿಗೆ ಸಾಲಾಗಿ ಐದು ಕರೆ ಬರುತ್ತವೆ. ಹೆಜಮಾಡಿ, ಕಾಪು, ಕಡಿಯಾಳಿ, ಕಾರ್ಕಳ, ಕೊನೆಗೆ ಇನ್ನಂಜೆ. ಮೊದಲ ನಾಲ್ವರು ಒಂದು ಸಂಖ್ಯೆ ಹೇಳಿ ಇಟ್ಟುಬಿಡುತ್ತಾರೆ. ಪಾಪ, ಅವರ ತಪ್ಪೇನಿಲ್ಲ, ಕೇಳಿದ್ದು ಅಷ್ಟನ್ನೇ.

ಇನ್ನಂಜೆಯ ಸುಕೇಶ್ ಮಾತ್ರ ಸಂಖ್ಯೆ ಹೇಳಿದ ಮೇಲೂ ಫೋನ್ ಇಡುತ್ತಿರಲಿಲ್ಲ.

“ಮೂವತ್ತೈದು ಪಾಯಿಂಟ್ ಎರಡು, ಮೇಡಂ. ಬಾವಿಕಟ್ಟೆಯ ಮೇಲೆ ಕೂರಲಿಕ್ಕೆ ಆಗುವುದಿಲ್ಲ. ನಮ್ಮ ಬೆಕ್ಕು ತೆಂಗಿನ ಬುಡದ ಒದ್ದೆ ಮಣ್ಣಿನಲ್ಲಿ ಹೊಟ್ಟೆ ಚಾಚಿ ಮಲಗಿದೆ.”

“ಬೆಕ್ಕನ್ನು ನಾನು ಯಾವ ಕಾಲಂನಲ್ಲಿ ಬರೆಯುವುದು?”

“ಷರಾ ಅಂತ ಕೊನೆಗೆ ಒಂದು ಉಂಟಲ್ಲ?”

ಅವಳು ನಕ್ಕಳು. ನಕ್ಕದ್ದು ತನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಆ ದಿನ ಅವಳು ಯಾರೊಂದಿಗಾದರೂ ಆಡಿದ ಮೊದಲ ಮಾತು ಅದು.

ಆ ವರ್ಷ ಫೆಬ್ರವರಿ ಮುಗಿಯುವ ಮೊದಲೇ ಕರಾವಳಿ ಕಾದುಹೋಗಿತ್ತು. ಇಲ್ಲಿಯವರಿಗೆ ಬೆವರು ಹೊಸದಲ್ಲ. ಆದರೆ ಹಿಂದೆಲ್ಲ ಸಂಜೆ ಐದಾದರೆ ಕಡಲ ಕಡೆಯಿಂದ ಗಾಳಿ ಬಂದು ಕಾಪಾಡುತ್ತಿತ್ತು. ಈ ಸಲ ಗಾಳಿಯೂ ಮುನಿಸಿಕೊಂಡು ಕೂತಿತ್ತು. ಯಾವ ಊರಿನಲ್ಲಿ ಎಷ್ಟು ಸೆಕೆ ಎಂದು ಅಳೆಯಲು ಮಣಿಪಾಲದಲ್ಲಿ ಒಂದು ಸಣ್ಣ ಸಂಶೋಧನಾ ಯೋಜನೆ ಶುರುವಾಗಿತ್ತು. ಐದು ಊರುಗಳಲ್ಲಿ ಒಬ್ಬೊಬ್ಬರ ಅಂಗಳದಲ್ಲಿ ನಾಲ್ಕು ಕಾಲಿನ ಬಿಳಿ ಮರದ ಡಬ್ಬಿ, ಅದರೊಳಗೆ ಒಂದು ಥರ್ಮಾಮೀಟರ್. ಆ ಅಂಕಿಗಳನ್ನೆಲ್ಲ ಒಟ್ಟುಮಾಡುವ ಕೆಲಸ ಚೈತನ್ಯಾಳದ್ದು.

ಅವಳು ಕಾರ್ಕಳದವಳು. ಮನೆಮಾತು ಕೊಂಕಣಿ. ವಯಸ್ಸು ಮೂವತ್ಮೂರು. ನೋಡಲು ಬರುವವರು ಬರುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು, ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಬೇಸರವಿದ್ದದ್ದು ಬೇರೆಯದಕ್ಕೆ. ನಾಲ್ಕನೆಯ ಮಹಡಿಯ ಬಾಡಿಗೆ ಕೋಣೆ, ತಲೆಯ ಮೇಲೆ ಕಾದ ತಾರಸಿ. ಅಣ್ಣ ಭಾನುವಾರ ಫೋನ್ ಮಾಡಿ “ಊಟ ಆಯ್ತಾ?” ಎಂದು ಕೇಳುತ್ತಾನೆ. ಆಯ್ತು ಎಂದರೆ ಮಾತು ಮುಗಿಯಿತು.

“ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಚಹಾಪುಡಿ ಹಾಕಿದರೆ ಸಾಕು” ಎಂದು ಒಂದು ದಿನ ಅವಳು ಸುಕೇಶನಿಗೆ ಹೇಳಿದಳು.

“ಒಂದು ಬೈರಾಸು ಒದ್ದೆ ಮಾಡಿ ಕಿಟಕಿಗೆ ಕಟ್ಟಿ. ನಾವು ಹೂವಿಗೆ ಮಾಡುವುದು ಅದೇ. ಒದ್ದೆ ಬಟ್ಟೆ ಸುತ್ತದಿದ್ದರೆ ಮಲ್ಲಿಗೆ ಉಡುಪಿ ಮುಟ್ಟುವ ಮೊದಲೇ ಬಾಡಿ ಹೋಗುತ್ತದೆ.”

ಅವನದು ಮಲ್ಲಿಗೆ ಕೃಷಿ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ಹೂವು ಕೊಳ್ಳುವ ಕಟ್ಟೆಗೆ ಕೊಟ್ಟರೆ ದಿನದ ಕೆಲಸ ಮುಗಿಯಿತು. ಹಿಂದೆ ಕಟ್ಟುವುದು ಅಮ್ಮನ ಕೈ. ಅಮ್ಮ ತೀರಿಕೊಂಡ ಮೇಲೆ ಗಂಡಸು ಕೂತು ಹೂ ಕಟ್ಟುವುದನ್ನು ನೋಡಿ ಊರಿನವರು ಮೊದಮೊದಲು ನಕ್ಕರು, ಆಮೇಲೆ ಅಭ್ಯಾಸವಾಯಿತು. ಇದನ್ನೆಲ್ಲ ಅವನು ಒಂದೇ ದಿನ ಹೇಳಿದ್ದಲ್ಲ. ದಿನಕ್ಕೊಂದು ಎಸಳಿನಷ್ಟು ಹೇಳಿದ.

ಆ ದಿನ ಅವಳು ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಕೋಣೆ ತಂಪಾಯಿತೋ ಇಲ್ಲವೋ, ಯಾರೋ ತನ್ನ ಬಗ್ಗೆ ಯೋಚಿಸಿದ್ದಾರೆ ಎಂಬ ಖುಷಿಗೆ ಒಳ್ಳೆ ನಿದ್ರೆ ಬಂತು.

ಯೋಜನೆಗೆ ಒಂದು ನಿಯಮವಿತ್ತು. ಮೂವತ್ತೇಳು ಡಿಗ್ರಿ ದಾಟಿದರೆ ಅದು ಸಣ್ಣ ಮಾತಲ್ಲ. ಒಂದು ಗಂಟೆ ಬಿಟ್ಟು ಆಫೀಸಿನಿಂದಲೇ ಫೋನ್ ಮಾಡಿ, ಇನ್ನೊಮ್ಮೆ ನೋಡಲು ಹೇಳಿ, ಖಚಿತ ಮಾಡಿಕೊಳ್ಳಬೇಕು.

ಮಾರ್ಚ್ ಎರಡನೆಯ ವಾರ ಇನ್ನಂಜೆ ಮೊದಲ ಸಲ ಮೂವತ್ತೇಳು ದಾಟಿತು.

“ಮೂವತ್ತೇಳು ಪಾಯಿಂಟ್ ಒಂದು.”

“ಅಯ್ಯೋ ದೇವರೇ! ಮೂರೂವರೆಗೆ ಫೋನ್ ಮಾಡುತ್ತೇನೆ. ನೋಡಿ ಇಟ್ಟಿರಿ.”

ಮೂರೂವರೆಗೆ ಅವಳು ಫೋನ್ ಮಾಡಿದಳು. ಎರಡೂವರೆಯ ಗಡಿಬಿಡಿ ಆಗ ಇರಲಿಲ್ಲ, ಸಾಲಿನಲ್ಲಿ ಬೇರೆ ಊರು ಕಾಯುತ್ತಿರಲಿಲ್ಲ. ಮಾತು ಇಪ್ಪತ್ತು ನಿಮಿಷ ನಡೆಯಿತು. ಕಾಪುವಿನ ಕಡಲ ಬದಿಯಲ್ಲೂ ಹೊಯಿಗೆ ಕಾಲು ಸುಡುತ್ತದಂತೆ. ಕಾರ್ಕಳದ ಬೆಟ್ಟದ ಬಂಡೆಗಳ ಮೇಲೆ ಅವಳು ಚಿಕ್ಕವಳಿದ್ದಾಗ ಬರಿಗಾಲಲ್ಲಿ ಓಡುತ್ತಿದ್ದಳಂತೆ. “ಈಗ ಓಡಿ ನೋಡುವ, ದೋಸೆ ಆಗ್ತೀರಿ” ಎಂದು ಅವನು ಹೇಳಿದ.

ಆಮೇಲೆ ಇನ್ನಂಜೆ ಹೆಚ್ಚುಕಡಿಮೆ ದಿನವೂ ಮೂವತ್ತೇಳು ದಾಟತೊಡಗಿತು. ಊರಿಗೆಲ್ಲ ಸೆಕೆ ಹೆಚ್ಚಾದರೆ ಚಿಂತೆ. ಚೈತನ್ಯಾ ಮಾತ್ರ ಮೂರೂವರೆಗೆ ಮೊದಲೇ ಮುಖ ತೊಳೆದು, ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂದು ಗೊತ್ತಿದ್ದೂ ಕೂದಲು ಸರಿಮಾಡಿಕೊಂಡು ಕೂರುತ್ತಿದ್ದಳು. ಎಂಥ ಹುಚ್ಚು ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು, ಮರುದಿನ ಮತ್ತೆ ಮುಖ ತೊಳೆಯುತ್ತಿದ್ದಳು.

ಏಪ್ರಿಲ್ ನಡುವಿಗೆ ಯೋಜನೆಯ ಮುಖ್ಯಸ್ಥ ಜೋಯಲ್ ಸರ್ ಅವಳನ್ನು ಕರೆದರು. ಮೇಜಿನ ಮೇಲೆ ಗ್ರಾಫ್. ನಾಲ್ಕು ಊರುಗಳ ಗೆರೆ ಒಟ್ಟಿಗೆ ಹೋಗುತ್ತಿತ್ತು, ಇನ್ನಂಜೆಯದು ಒಂದೇ ಮೇಲೆ ಎದ್ದು ನಿಂತಿತ್ತು.

“ಇಲ್ಲಿ ಏನೋ ವಿಶೇಷ ಉಂಟು. ಇದರ ಮೇಲೆಯೇ ಒಂದು ಪೇಪರ್ ಬರೆಯಬಹುದು, ನಿಮ್ಮ ಹೆಸರೂ ಹಾಕುವ. ಇಲ್ಲದಿದ್ದರೆ ಅವನು ನೋಡುವುದರಲ್ಲಿ ಏನೋ ತಪ್ಪುಂಟು.”

“ಇಲ್ಲ ಸರ್. ಅವರಷ್ಟು ನಿಯತ್ತಿನಿಂದ ಯಾರೂ ನೋಡುವುದಿಲ್ಲ” ಎಂದಳು ಚೈತನ್ಯಾ. ಸ್ವಲ್ಪ ಜೋರಾಗಿಯೇ ಹೇಳಿದಳು.

“ಹಾಗಾದರೆ ನೀವೇ ಹೋಗಿ, ಬೇರೆ ಥರ್ಮಾಮೀಟರ್ ಇಟ್ಟು ಪರೀಕ್ಷೆ ಮಾಡಿ ಬನ್ನಿ.”

ಪರೀಕ್ಷೆಯ ಥರ್ಮಾಮೀಟರನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಇದ್ದುದರಲ್ಲಿ ತೆಳ್ಳಗಿನ ನೀಲಿ ಚೂಡಿದಾರ ಹಾಕಿ ಅವಳು ಹೊರಟಳು. ಉಡುಪಿಯಿಂದ ಕಟಪಾಡಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ರಿಕ್ಷಾ. ಕೊಯ್ಲಾದ ಗದ್ದೆಗಳ ನಡುವೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಚಾಲಕ ಗೊಣಗುತ್ತಲೇ ಇದ್ದ. ಅವಳಿಗೆ ಒಂದೂ ಕೇಳಿಸಲಿಲ್ಲ.

ಗೇಟಿನ ಹತ್ತಿರ ನಿಂತಿದ್ದವನು ಅವಳು ಅಂದುಕೊಂಡದ್ದಕ್ಕಿಂತ ಉದ್ದ. ಬೆರಳ ತುದಿಗಳಲ್ಲಿ ಬಾಳೆನಾರಿನ ಕಂದು ಕಲೆ. ಕಣ್ಣೆತ್ತಿ ನೋಡಿದ, ತಕ್ಷಣ ನೆಲ ನೋಡಿದ. ಫೋನಿನಲ್ಲಿ ಅಷ್ಟು ಮಾತಾಡುವವನ ಬಾಯಿಗೆ ಬೀಗ ಬಿದ್ದಿತ್ತು.

“ಸೆಕೆಗೆ ಬಂದಿರಿ” ಎಂದ ಕೊನೆಗೆ. ಒಳಗೆ ಹೋಗಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟ.

“ಬೆಕ್ಕು ಎಲ್ಲಿ?”

“ನಿಮ್ಮ ಹಿಂದೆ.”

ಅವಳು ತಿರುಗಿದಳು. ಬೆಕ್ಕು ನಿಜವಾಗಿಯೂ ತೆಂಗಿನ ಬುಡದಲ್ಲಿ ಹೊಟ್ಟೆ ಚಾಚಿ ಮಲಗಿತ್ತು. ಇಬ್ಬರೂ ನಕ್ಕರು. ಅವಳು ಬೆಲ್ಲ ಕಚ್ಚಿ ನೀರು ಕುಡಿಯುವುದನ್ನು ಅವನು ಕದ್ದು ನೋಡಿದ, ಅವನು ನೋಡುವುದನ್ನು ಅವಳೂ ಕದ್ದು ನೋಡಿದಳು. ಆ ಹದಿನೈದು ನಿಮಿಷ ಅವಳ ಆ ಬೇಸಿಗೆಯ ಅತ್ಯಂತ ಒಳ್ಳೆಯ ಹೊತ್ತು.

ಎರಡೂವರೆಗೆ ಇಬ್ಬರೂ ಬಿಳಿ ಡಬ್ಬಿಯ ಮುಂದೆ ನಿಂತರು. ಎರಡು ಥರ್ಮಾಮೀಟರ್ ಪಕ್ಕಪಕ್ಕದಲ್ಲಿ. ಎರಡರಲ್ಲೂ ಮೂವತ್ತೈದು ಪಾಯಿಂಟ್ ಮೂರು.

“ಸರಿಯಾಗಿಯೇ ಉಂಟು” ಎಂದಳು ಅವಳು ಖುಷಿಯಲ್ಲಿ. ಆಮೇಲೆ ಮೆಲ್ಲಗೆ ಯೋಚನೆ ಬಂತು. “ನಿನ್ನೆ ಮೂವತ್ತೇಳೂವರೆ ಹೇಳಿದ್ದಿರಲ್ಲ? ನಿನ್ನೆಗಿಂತ ಇವತ್ತು ಸೆಕೆ ಏನೂ ಕಡಿಮೆ ಇಲ್ಲ.”

ಅವನು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಅವಳ ಕೈಯಲ್ಲಿಟ್ಟ. ಪ್ರತಿ ಪುಟದಲ್ಲೂ ಎರಡು ಕಾಲಂ. ಒಂದರ ಮೇಲೆ ‘ನೋಡಿದ್ದು’, ಇನ್ನೊಂದರ ಮೇಲೆ ‘ಹೇಳಿದ್ದು’.

ನೋಡಿದ್ದು 35.4, ಹೇಳಿದ್ದು 37.2. ನೋಡಿದ್ದು 35.8, ಹೇಳಿದ್ದು 37.1. ಪುಟ ತಿರುಗಿಸಿದಷ್ಟೂ ಅದೇ.

“ಯಾಕೆ?” ಎಂದು ಕೇಳಿದಳು.

“ಮೂವತ್ತೇಳು ದಾಟಿದರೆ ನೀವು ತಿರುಗಿ ಫೋನ್ ಮಾಡುತ್ತೀರಿ.”

ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು. ಮರುಕ್ಷಣ ಸಿಟ್ಟು ಬಂತು, ಎಲ್ಲಿತ್ತೋ ಅಷ್ಟು ಸಿಟ್ಟು.

“ನಿಮ್ಮಷ್ಟು ನಿಯತ್ತಿನವರು ಇಲ್ಲ ಅಂತ ನಾನು ಸರ್ ಹತ್ತಿರ ವಾದ ಮಾಡಿ ಬಂದಿದ್ದೇನೆ ಮಾರಾಯ್ರೆ. ಆ ಸುಳ್ಳು ಲೆಕ್ಕದ ಕೆಳಗೆ ನನ್ನ ಹೆಸರು ಹಾಕುವುದರಲ್ಲಿದ್ದರು. ಎಂತ ಅಂದುಕೊಂಡಿದ್ದೀರಿ ನೀವು?”

“ತಪ್ಪಾಯಿತು” ಎಂದ ಅವನು. “ಅದಕ್ಕೇ ನಿಜವಾದದ್ದನ್ನೂ ಬರೆದಿಟ್ಟೆ. ಒಂದು ದಿನವೂ ಬಿಟ್ಟಿಲ್ಲ.”

ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿ ಅವಳು ಗೇಟಿನ ತನಕ ಹೋದಳು. ಅಲ್ಲಿ ತಿರುಗಿ, ಆಫೀಸಿನ ದನಿಯಲ್ಲಿ ಹೇಳಿದಳು. “ಇನ್ನು ನೀವು ಫೋನ್ ಮಾಡುವ ಅಗತ್ಯ ಇಲ್ಲ.”

ಜೋಯಲ್ ಸರ್‌ಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾಕೆ ಎಂಬುದೊಂದನ್ನು ಬಿಟ್ಟು. ಸರ್ ತಲೆ ಚಚ್ಚಿಕೊಂಡರು, ಪೇಪರ್ ಅಲ್ಲಿಗೇ ನಿಂತಿತು. ಎರಡು ದಿನದಲ್ಲಿ ಪಿಕಪ್ ಹೋಗಿ ಇನ್ನಂಜೆಯ ಡಬ್ಬಿಯನ್ನು ಕಿತ್ತು ತಂದಿತು. ಅದು ಈಗ ಆಫೀಸಿನ ಮೂಲೆಯಲ್ಲಿ, ಕಾಲುಗಳಿಗೆ ಅಂಟಿದ ಕೆಂಪು ಮಣ್ಣಿನ ಸಮೇತ ನಿಂತಿತ್ತು.

ಎರಡೂವರೆಗೆ ನಾಲ್ಕು ಕರೆ ಬರುತ್ತಿದ್ದವು. ನಾಲ್ಕು ಸಂಖ್ಯೆ ಬರೆದು ಅವಳು ಸುಮ್ಮನೆ ಕೂರುತ್ತಿದ್ದಳು. ಮೂರೂವರೆ ಬರುತ್ತಿತ್ತು, ಹೋಗುತ್ತಿತ್ತು. ಫೋನ್ ಮಾಡಬೇಡಿ ಎಂದವಳು ತಾನೇ, ಆದರೂ ಅವನು ಮಾಡಲಿಲ್ಲವಲ್ಲ ಎಂದು ಅಳು ಬರುತ್ತಿತ್ತು. ಕಿಟಕಿಯ ಬೈರಾಸು ಒಣಗಿ ಮರದ ಹಲಗೆಯ ಹಾಗೆ ಆಗಿತ್ತು, ಒದ್ದೆ ಮಾಡುವ ಮನಸ್ಸು ಅವಳಿಗೆ ಬರಲಿಲ್ಲ.

ಮೇ ತಿಂಗಳ ಮೊದಲ ವಾರ, ಸರಿಯಾದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಲು ಅವಳು ಆ ನೋಟ್‌ಬುಕ್ ತೆರೆಯಲೇಬೇಕಾಯಿತು. ‘ನೋಡಿದ್ದು’ ಕಾಲಂನಿಂದ ಒಂದೊಂದೇ ಅಂಕಿ ಹಾಕುತ್ತ ಹೋದಳು. ಮಾರ್ಚ್ ಇಪ್ಪತ್ತಾರರ ಸಾಲಿನಲ್ಲಿ ಬೆರಳು ನಿಂತಿತು. ಆ ದಿನ ಎರಡೂ ಕಾಲಂನಲ್ಲಿ 35.2. ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: ‘ಅವರಿಗೆ ಜ್ವರ, ದನಿ ಬಿದ್ದಿದೆ. ಮಲಗಲಿ. ಇವತ್ತು ಸುಳ್ಳು ಬೇಡ.’

ಕೆಳಗೆ ಇನ್ನೊಂದು ಸಾಲಿತ್ತು. ‘ಮೂರೂವರೆಗೆ ಅವರೇ ಫೋನ್ ಮಾಡಿದರು. ಸಂಖ್ಯೆ ಬರೆಯಲು ಮರೆತು ಹೋಯಿತಂತೆ.’

ಚೈತನ್ಯಾಳ ಕಿವಿ ಬಿಸಿಯಾಯಿತು. ಸಂಖ್ಯೆ ಬರೆಯಲು ಅವಳು ಒಂದು ದಿನವೂ ಮರೆತವಳಲ್ಲ. ಆ ದಿನವೂ ಎರಡೂವರೆಗೇ ಬರೆದಿಟ್ಟಿದ್ದಳು. ಜ್ವರದಲ್ಲಿ ಒಬ್ಬಳೇ ಮಲಗಲು ಆಗದೆ, ಆ ದನಿ ಒಮ್ಮೆ ಕೇಳಬೇಕೆನಿಸಿ ಸುಳ್ಳು ಹೇಳಿದ್ದಳು. ಅವನು ಅದನ್ನು ನಂಬಿ ಬರೆದಿದ್ದ. ಅವನ ಸುಳ್ಳಿಗಾದರೂ ಒಂದು ಕಾಲಂ ಇತ್ತು, ತನ್ನ ಸುಳ್ಳನ್ನು ಅವಳು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಗಡಿಯಾರದಲ್ಲಿ ಎರಡೂವರೆ. ನಾಲ್ಕು ಕರೆ ಬಂದುಹೋದವು. ಬೆಳಗ್ಗಿನಿಂದ ಕವಿದಿದ್ದ ಮೋಡ ಇನ್ನೂ ಕಪ್ಪಾಗಿತ್ತು, ಕಾಪುವಿನಿಂದ ಮೂವತ್ತೊಂದು ಎಂದು ಹೇಳಿದರು. ಇನ್ನಂಜೆಗೆ ಫೋನ್ ಮಾಡಲು ಯಾವ ನಿಯಮವೂ ಉಳಿದಿರಲಿಲ್ಲ. ಅವಳು ಐದು ನಿಮಿಷ ಫೋನನ್ನು ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಒತ್ತಿದಳು.

“ಹಲೋ?”

“ನಾನು, ಚೈತನ್ಯಾ.”

“ಡಬ್ಬಿ ತೆಗೆದುಕೊಂಡು ಹೋದರಲ್ಲ ಮೇಡಂ.”

“ಗೊತ್ತುಂಟು. ಇಲ್ಲೇ ಮೂಲೆಯಲ್ಲಿ ನಿಂತಿದೆ.”

“ಮತ್ತೆ ಎಂತಕ್ಕೆ ಫೋನ್?”

“ಸುಮ್ಮನೆ.” ಅವಳು ನೋಟ್‌ಬುಕ್ ಮುಚ್ಚಿದಳು. “ಆ ದಿನ ಜ್ವರ ಬಂದಾಗ ಸಂಖ್ಯೆ ಮರೆತದ್ದಲ್ಲ. ನಾನೂ ಸುಳ್ಳು ಹೇಳಿದ್ದೆ. ನಿಮ್ಮ ಹತ್ತಿರ ಮಾತಾಡಬೇಕಿತ್ತು, ಅಷ್ಟೇ. ಇವತ್ತೂ ಅಷ್ಟೇ.”

“ಸುಮ್ಮನೆ ಅಂತ ನನಗೆ ಯಾರೂ ಫೋನ್ ಮಾಡದೆ ಮೂರು ವರ್ಷ ಆಯ್ತು” ಎಂದ ಅವನು ನಿಧಾನಕ್ಕೆ. “ಅಮ್ಮ ಹೋದ ಮೇಲೆ.”

ಫೋನಿನಲ್ಲಿ ಟಪಟಪ ಶಬ್ದ ಕೇಳಿಸಿತು, ಅವನ ಮನೆಯ ಹಂಚಿನ ಮೇಲೆ ಆ ವರ್ಷದ ಮೊದಲ ಹನಿ. ಅವನೂ ಅದನ್ನೇ ಕೇಳುತ್ತ ನಿಂತಿರಬೇಕು.

“ಬೆಕ್ಕು?”

“ಒಳಗೆ ಓಡಿ ಬಂತು.”

“ಅಲ್ಲಿ ಈಗ ಎಷ್ಟು ಉಂಟು, ಅಂದಾಜಿಗೆ?”

ಹಂಚಿನ ಮೇಲೆ ಮಳೆ ಜೋರಾಗುತ್ತಿತ್ತು. ಅವನು ಸ್ವಲ್ಪವೂ ತಡವರಿಸಲಿಲ್ಲ.

“ಮೂವತ್ತೇಳು ಪಾಯಿಂಟ್ ಒಂದು” ಎಂದ.

ಚೈತನ್ಯಾ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

“ಹಾಗಾದರೆ ನೋಡಿ ಇಟ್ಟಿರಿ” ಎಂದಳು. “ಒಂದು ಗಂಟೆ ಬಿಟ್ಟು ನಾನೇ ಫೋನ್ ಮಾಡುತ್ತೇನೆ.”