ಉಪ್ಪಿನ ಶಾಖ

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಮಾಯಮ್ಮ ಒಂದೊಂದು ಬಾಗಿಲಲ್ಲೂ ಗಂಡನನ್ನು ಹುಡುಕುತ್ತಿದ್ದಳು. ಅವನ ಸೊಂಟಕ್ಕೆ ಬೆಂಗಳೂರಿನಲ್ಲಿ ಆಪರೇಷನ್ ಆಗಿ ಮೂರು ತಿಂಗಳು! ಇವತ್ತು ಮುಖ ನೋಡುವ ಭಾಗ್ಯ.

ಚೆಲುವಯ್ಯ ಇಳಿದ. ಅವಳು ಓಡಿಹೋಗಿ ಕೈ ಚಾಚಿದಳು.

ಅವನು ಆ ಕೈ ಹಿಡಿಯಲಿಲ್ಲ! ಜೊತೆಗೆ ಬಂದಿದ್ದ ತನ್ನ ಅಣ್ಣ ಲಿಂಗಯ್ಯನ ಹೆಗಲು ಹಿಡಿದು, ಬಲಗಾಲು ಎಳೆಯುತ್ತಾ ಹೊರಗೆ ನಿಂತಿದ್ದ ಎತ್ತಿನಗಾಡಿ ಹತ್ತಿದ.

'ನನ್ನ ಮೇಲೆ ಏನು ಕೋಪ...?'

ಮೂರು ತಿಂಗಳು ಮನೆ, ಎಮ್ಮೆ, ಕೂಲಿ ಎಂದು ಒಬ್ಬಳೇ ದುಡಿದವಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಚೆಲುವಯ್ಯ ಅರಗಿನ ಬೊಂಬೆ ಕಡೆಯುವವನು. ನೆಲದ ಮೇಲೆ ಕುಳಿತು, ಒಂದು ಕೈಯಲ್ಲಿ ಮರದ ತುಂಡನ್ನು ತಿರುಗಿಸುವ ಬಿಲ್ಲು ಎಳೆಯುತ್ತಾ, ಇನ್ನೊಂದು ಕೈಯ ಉಳಿಯನ್ನು ಬಲಗಾಲ ಬೆರಳುಗಳಿಂದ ಒತ್ತಿ ಹಿಡಿಯಬೇಕು. ಆ ಕಾಲಿಗೆ ಬಲ ಬರಲೆಂದು ಮಾಯಮ್ಮ ದಿನಾ ಬೆಳಿಗ್ಗೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡತೊಡಗಿದಳು.

"ಬಿಸಿ ತಾಗ್ತೈತಾ?"

"ತಾಗ್ತೈತೆ. ಹಿತವಾಗೈತೆ."

ಅಷ್ಟಕ್ಕೇ ಹಿಗ್ಗುತ್ತಿದ್ದಳು, ಪಾಪ. ನರಕ್ಕೆ ಜೀವ ಬರುತ್ತಿದೆ!

ಆದರೆ ಅವನು ಉಳಿ ಮುಟ್ಟಲೇ ಇಲ್ಲ. ಎಂಟನೆಯ ದಿನ ಗೋಡೆ ನೋಡುತ್ತಾ ಹೇಳಿದ.

"ಕಲ್ಯಕ್ಕೆ ಹೋಗು, ನಿಮ್ಮಪ್ಪನ ಮನೆಗೆ. ನಮ್ಮಲ್ಲಿ ಸೀರುಡಿಕೆ ಐತಲ್ಲ... ಗಂಡನ್ನ ಬುಟ್ಟೋಳು ಇನ್ನೊಬ್ಬ ತಂದ ಸೀರೆ ಉಟ್ಟು ಸಂಸಾರ ಮಾಡಬೋದು."

'ನಾನು ಬೇಡವಾದೆ... ಅದಕ್ಕೇ ಅವತ್ತು ಕೈ ಹಿಡಿಯಲಿಲ್ಲ!'

ಅವಳು ತವರಿಗೆ ಹೊರಡಲು ತನ್ನ ಸೀರೆಗಳನ್ನು ಗಂಟು ಕಟ್ಟಿದಳು. ಹಾಳು ಮನಸ್ಸು, ಸಿಟ್ಟಿನಲ್ಲೂ ಅವನ ಕಾಲನ್ನೇ ನೆನೆಯಿತು. ಕೊನೆಯ ಸಲ ಶಾಖ ಕೊಡಲು ಕೂತಳು. ಅಳುವ ಭರದಲ್ಲಿ ಉಪ್ಪು ಎಷ್ಟು ಕಾದಿದೆಯೆಂದು ನೋಡಿಕೊಳ್ಳಲಿಲ್ಲ.

ಉಪ್ಪಿನ ಗಂಟು ಎತ್ತಿದರೆ ಅಂಗಾಲಲ್ಲಿ ದೊಡ್ಡ ಬೊಬ್ಬೆ!

"ಅಯ್ಯೋ! ಬಿಸಿ ಜಾಸ್ತಿ ಆಯ್ತಾ?"

ಅವನು ಇನ್ನೂ ಗೋಡೆಯನ್ನೇ ನೋಡುತ್ತಿದ್ದ. "ಇಲ್ಲ... ಹಿತವಾಗೈತೆ."

ಮಾಯಮ್ಮನ ಕೈಯಿಂದ ಗಂಟು ಜಾರಿತು.

"ಕಾಲು ಸುಟ್ಟೈತೆ ನೋಡಿ! ನಿಮಗೆ ಗೊತ್ತೇ ಆಗಿಲ್ಲ... ಒಂದು ದಿನಾನೂ ಗೊತ್ತಾಗಿಲ್ಲ, ಅಲ್ವಾ?"

ಚೆಲುವಯ್ಯ ಮುಖ ಮುಚ್ಚಿಕೊಂಡ.

"ನರ ನಲುಗೋಗೈತಂತೆ ಮಾಯಿ. ಸರಿ ಹೋದ್ರೂ ಹೋಗಬೋದು, ಇಲ್ದೇನೂ ಇರಬೋದು ಅಂದ್ರು ಡಾಕ್ಟರು. ಸ್ಟೇಷನ್ನಲ್ಲಿ ನಿನ್ನ ಕೈ ಹಿಡಿದಿದ್ರೆ ನನ್ನ ಭಾರ ಎಲ್ಲಾ ನಿನ್ನ ಮೇಲೇ ಬೀಳೋದು, ಕಾಲಲ್ಲಿ ಜೀವಾನೇ ಇಲ್ಲ ಅಂತ ಗೊತ್ತಾಗೋಗೋದು. ನಿಜ ಹೇಳಿದ್ರೆ ನೀನು ಬುಟ್ಟು ಹೋಗಲ್ಲ. ಇಪ್ಪತ್ತೆರಡು ವರ್ಷದೋಳು... ನನ್ನ ಜೊತೆ ಯಾಕೆ ಸವೀಬೇಕು?"

"ಕಾಲಿನ ಮಾತು ಬುಡಿ. ನಾನು ಬೇಡ ಅಂತ ಹೇಳಿ, ಈಗಲೇ ಹೋಗ್ತೀನಿ."

ಅವನು ಬಾಯಿ ತೆರೆದ. ಎಂಟು ದಿನ ಸಲೀಸಾಗಿ ಸುಳ್ಳು ಹೇಳಿದ್ದವನಿಗೆ ಇದೊಂದು ಸುಳ್ಳು ಮಾತ್ರ ಬರಲಿಲ್ಲ.

"ಬೇಕು ಮಾಯಿ... ನೀನು ಬೇಕು."

ಅವಳು ಬಿಕ್ಕುತ್ತಲೇ ಸುಟ್ಟ ಕಾಲಿಗೆ ತಣ್ಣೀರು ಹುಯ್ದಳು.

"ಬಿಲ್ಲು ನಾನೆಳೀತೀನಿ. ನೀವು ಎರಡು ಕೈಲೂ ಉಳಿ ಹಿಡ್ಕೊಳಿ."

ಅವನು ಅವಳ ಬತ್ತಿದ ಮುಖವನ್ನು ಈಗಷ್ಟೇ ಸರಿಯಾಗಿ ನೋಡಿದ.

"ಸುಸ್ತಾಗೈತಾ?"

ಮೂರು ತಿಂಗಳಿಂದ ಯಾರೂ ಕೇಳದ ಮಾತು! ಇಲ್ಲ ಎನ್ನಲು ಹೊರಟವಳು ನಿಜವನ್ನೇ ಹೇಳಿದಳು.

"ಆಗೈತೆ... ಭಾಳ ಆಗೈತೆ."

ಅವನು ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿದ.

"ಒಸಿ ಮಲಗು."

"ಬೆಳಗಿನ ಹೊತ್ತು... ಯಾರಾದ್ರೂ ಬಂದ್ರೆ?"

"ನನ್ನ ಹೆಂಡ್ತಿ ಮಲಗವಳೆ, ಆಮೇಲೆ ಬನ್ನಿ ಅಂತೀನಿ."