ಉದ್ಘಾಟನೆಗೆ ಕಾದ ದೋಣಿ

ಫೆಬ್ರವರಿ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ರಮಾಕಾಂತ ಠಾಣೆಗೆ ಬಂದಾಗ ಪಿಎಸ್‌ಐ ಮಾಲಿನಿಯ ಚಹಾ ಇನ್ನೂ ಮುಗಿದಿರಲಿಲ್ಲ. ಹೊನ್ನಾವರದ ಹೆಂಚಿನ ವ್ಯಾಪಾರದ ಮನೆತನವೊಂದು ನಡೆಸುವ ಪುಟ್ಟ ಪ್ರತಿಷ್ಠಾನಕ್ಕೆ ಆತ ಕಾರ್ಯದರ್ಶಿ. ಸುತ್ತಲಿನ ಊರುಗಳ ಸಂಘಗಳಿಗಷ್ಟೇ ಸಹಾಯಧನ ಕೊಡುವ ಪ್ರತಿಷ್ಠಾನ ಅದು.

"ನಮ್ಮ ಹೊಸ ಮೋಟಾರು ದೋಣಿ ಕಳವಾಗಿದೆ ಮೇಡಂ. ತದಡಿ ಧಕ್ಕೆಯಲ್ಲಿ ಕಟ್ಟಿಟ್ಟಿದ್ದು."

"ಯಾರಿಗೆಂದು ತಂದದ್ದು?"

"ಹೊಳೆ ನಡುವಿನ ನಡುಗಡ್ಡೆ, ಕುರ್ವೆಯ ಮಹಿಳಾ ಸಂಘಕ್ಕೆ. ಎರಡು ವರ್ಷ ಅರ್ಜಿ ಹಿಡಿದು ಓಡಾಡಿದ್ರು."

"ಮತ್ತೆ ಕೊಟ್ಟಿಲ್ಲ ಎಂತಕ್ಕೆ?"

"ಉದ್ಘಾಟನೆ ಆಗ್ಬೇಕಲ್ಲ."

ದೋಣಿ ಬಂದದ್ದು ಚೌತಿಗೆ. ಮೊದಲು ಪ್ರತಿಷ್ಠಾನದ ಅಧ್ಯಕ್ಷ ಶ್ರೀನಾಥರಿಗೆ ಮೊಣಕಾಲು ನೋವು. ಆಮೇಲೆ ದುಬೈಯಿಂದ ಅಳಿಯ ಬರಬೇಕಿತ್ತು. ಆಮೇಲೆ ಮುಖ್ಯ ಅತಿಥಿಯ ದಿನವೇ ಸಿಗಲಿಲ್ಲ. ಅಷ್ಟೂ ದಿನ ದೋಣಿ ಟಾರ್ಪಾಲು ಹೊದ್ದು, ಮೂತಿಗೆ ಕೆಂಪು ರಿಬ್ಬನ್ನು ಕಟ್ಟಿಸಿಕೊಂಡು ಸುಮ್ಮನೆ ಕೂತಿತ್ತು. ಕೇಳಿಯೇ ಮಾಲಿನಿಗೆ ಪಿತ್ತ ನೆತ್ತಿಗೇರಿತು. ಆದರೆ ದೂರು ದೂರೇ. ಎಫ್‌ಐಆರ್ ದಾಖಲಿಸಿ ಹೊರಟಳು.

ಧಕ್ಕೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿತ್ತು. ರಿಬ್ಬನ್ನನ್ನು ಮಾತ್ರ ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಅಚ್ಚುಕಟ್ಟಾಗಿ ಮಡಚಿ, ಹಾರದಂತೆ ಕಲ್ಲು ಹೇರಿ ಇಟ್ಟಿದ್ದರು. ಪಕ್ಕದಲ್ಲಿ ಅರಿಶಿನ, ಕುಂಕುಮ, ಒಡೆದ ತೆಂಗಿನಕಾಯಿಯ ಚೂರು.

"ಕಳ್ಳ ಕಾಯಿ ಒಡ್ದು ಹೋಗಿದ್ದಾನಲ್ಲ ಮೇಡಂ!" ಹೆಡ್ ಕಾನ್‌ಸ್ಟೆಬಲ್ ದೇವರಾಜ ನಕ್ಕ.

ಮಾಲಿನಿ ನಗಲಿಲ್ಲ. "ಹೊಸ ದೋಣಿ ನೀರಿಗೆ ಇಳಿಸುವಾಗ ಕಾಯಿ ಒಡೆಯೋದು ಯಾರು?"

"ದೋಣಿ ಯಾರದ್ದೋ ಅವ್ರು."

"ಹಾಗಾದರೆ ಕುರ್ವೆಗೆ ನಡೀರಿ."

ಕುರ್ವೆಗೆ ಹೋಗಲು ಇದ್ದದ್ದು ಒಂದು ಹಳೆಯ ಪಾತಿ ದೋಣಿ. ತಳದಲ್ಲಿ ನೀರು ಜಿನುಗುತ್ತಿತ್ತು. ದೇವರಾಜ ದಾರಿಯುದ್ದಕ್ಕೂ ಅದನ್ನು ಡಬ್ಬಿಯಲ್ಲಿ ಮೊಗೆದು ಚೆಲ್ಲಿದ. ಕಳವಾದ ದೋಣಿಯನ್ನು ಹುಡುಕುವ ಕೆಲಸವೇ ಬೀಳಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ದಡದಲ್ಲೇ ಕಟ್ಟಿತ್ತು. ಅದರ ಎದುರು ಸಂಘದ ಅಧ್ಯಕ್ಷೆ ಹೊನ್ನಮ್ಮ ಕೂತು, ಹೊಳೆಯಲ್ಲಿ ಹೆಕ್ಕಿದ ಬಳಚಿನ ಚಿಪ್ಪು ತೆರೆದು ಮಾಂಸ ಬಿಡಿಸುತ್ತಿದ್ದಳು.

"ದೋಣಿ ತಂದವರು ಯಾರು?"

"ನಾನೇ. ನಿನ್ನೆ ಮುಸ್ಸಂಜೆಗೆ."

"ಬೀಗ?"

"ಅದೂ ನಾನೇ ಒಡ್ದದ್ದು. ಎಂತಕ್ಕೆ ಸುಳ್ಳು ಹೇಳೂದು?"

"ರಿಬ್ಬನ್ ಯಾಕೆ ಬಿಚ್ಚಿಟ್ಟಿರಿ?"

"ಅದು ಅವ್ರದ್ದು. ನಮ್ಗೆ ಬ್ಯಾಡ." ಹೊನ್ನಮ್ಮ ಕೈ ತೊಳೆದುಕೊಂಡು ಎದ್ದಳು. "ನೆರೆಮನೆ ಸುಚಿತಾಗೆ ದಿನ ತುಂಬಿತ್ತು. ಇವತ್ತು ಬೆಳಿಗ್ಗೆ ಬೇನೆ ಬಂತು, ಈ ದೋಣೀಲೇ ದಾಟಿಸ್ದೆ. ಈಗಷ್ಟೇ ಕುಮಟಾ ಆಸ್ಪತ್ರೆಯಿಂದ ಫೋನು. ಹೆಣ್ಣು ಕೂಸು. ಇಬ್ರೂ ಚಲೋ ಇದ್ರಂತೆ. ಆತು, ನಡೀರಿ ಎಲ್ಲಿಗೆ ಬರ್ಬೇಕು."

ಜಪ್ತಿ ಪಂಚನಾಮೆ ಬರೆದು, ಹೊನ್ನಮ್ಮನನ್ನು ದಸ್ತಗಿರಿ ಮಾಡಿದರು. ದೋಣಿಯ ಮೋಟಾರು ದೇವರಾಜನ ಕೈಗೆ ಬಗ್ಗಲಿಲ್ಲ. ಕೊನೆಗೆ ಆರೋಪಿಯೇ ಪೊಲೀಸರನ್ನು ದಡ ಮುಟ್ಟಿಸಬೇಕಾಯಿತು. ಅವಳ ಮಗಳು ಧನ್ಯಾ ಜೊತೆಗೆ ಬಂದಳು.

ಧಕ್ಕೆಯಲ್ಲಿ ಶ್ರೀನಾಥರು ಕಾಗದ ಹಿಡಿದು ಕಾದಿದ್ದರು.

"ಮಾಫಿ ಅಂತ ಬರೆಸಿದ್ದೇನೆ, ಸಹಿ ಹಾಕು ಹೊನ್ನಮ್ಮ. ದೂರು ವಾಪಸ್ ತಕೊಳ್ತೇನೆ, ಶುಕ್ರವಾರ ಉದ್ಘಾಟನೆ ಮಾಡುವಾ. ಇಲ್ಲದಿದ್ರೆ ಕುರ್ವೆಗೆ ಈ ದೋಣಿ ಇಲ್ಲ."

ಹೊನ್ನಮ್ಮ ಕಾಗದ ಮುಟ್ಟಲಿಲ್ಲ. "ದೀಪಾವಳಿ ಹೊತ್ತಿಗೆ ನನ್ನ ಧನ್ಯಾ ಆ ಹಳೇ ಪಾತೀಲಿ ಹೆತ್ಲು ಒಡೇರೆ, ನಡು ಹೊಳೇಲಿ. ಕೂಸು ಅಳ್ಲೇ ಇಲ್ಲ. ಅದರ ಬಾಯಿಗೆ ಉಸ್ರು ಊದಿ ಊದಿ ನಾ ತಲೆ ಎತ್ತಿದ್ರೆ ನಿಮ್ಮ ಕೆಂಪು ರಿಬ್ಬನ್ ಕಾಣ್ತಿತ್ತು. ಮೊದ್ಲು ನೀವು ಆ ಕೂಸಿಗೆ ಮಾಫಿ ಬರೀರಿ. ಆಮೇಲೆ ನಾ ಬರೀತೆ."

ಶ್ರೀನಾಥರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. "ನಮ್ಮ ದೋಣಿ?" ಎಂದರು ಮಾಲಿನಿಯನ್ನು ನೋಡಿ.

"ಅದೀಗ ಕೇಸಿನ ವಸ್ತು, ಮುದ್ದೆಮಾಲು ಸರ್. ಕೋರ್ಟಿನ ಆದೇಶ ಬರುವವರೆಗೆ ಉದ್ಘಾಟನೆ ಗಿದ್ಘಾಟನೆ ಏನೂ ಇಲ್ಲ."

ಕೋರ್ಟಿಗೆ ಹೊತ್ತೊಯ್ಯಲಾಗದ ವಸ್ತುವನ್ನು ಬಾಂಡು ಬರೆಸಿಕೊಂಡು ಯಾರ ವಶಕ್ಕಾದರೂ ಕೊಡಬಹುದು. ಮಾಲಿನಿ ದೋಣಿಯನ್ನು ಧನ್ಯಾಳ ವಶಕ್ಕೆ ಕೊಟ್ಟಳು. ಕೇಳಿದಾಗ ಹಾಜರುಪಡಿಸಬೇಕು ಎಂದು ಬಾಂಡಿನಲ್ಲಿತ್ತು. ಓಡಿಸಬಾರದು ಎಂದು ಮಾಲಿನಿ ಬರೆಯಲಿಲ್ಲ.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣವನ್ನು ಹೊನ್ನಮ್ಮ ಹೇಳಿದ ಮಾತಿನಲ್ಲೇ, ಒಂದಕ್ಷರ ತಿದ್ದದೆ ದಾಖಲಿಸಿದಳು. ಜೀಪು ಹೊರಟಾಗ ಹಿಂದೆ ಹೊಳೆಯಲ್ಲಿ ಮೋಟಾರು ಶುರುವಾದ ಸದ್ದು ಕೇಳಿಸಿತು. ಹೊನ್ನಮ್ಮ ತಿರುಗಿ ನೋಡಲಿಲ್ಲ. ಸೆರಗು ಕೊಡವಿ ನೆಟ್ಟಗೆ ಕೂತಳು.